ಆಟದ ನಡುವ ಶುಗರ್ 46 ಇತ್ತು, ನನಗ ಏನೂ ಗೊತ್ತಾಗ್ಲಿಲ್ಲ. ಟೈಪ್ 1 ಇದ್ದೋರು ಹೇಳ್ರಿ

ರಾಯಚೂರು_ವಾಲಿಬಾಲ್

ಎಲ್ಲರಿಗೂ ನಮಸ್ಕಾರ್ರೀ. ನನಗ 26 ವರ್ಷ, ದಿನಾ ಇನ್ಸುಲಿನ್ ಬೇಕಾಗೋ ಟೈಪ್ 1 ಶುಗರ್ ಬಂದು 12 ವರ್ಷ ಆತು, ರಾಯಚೂರಾಗ ಇರ್ತೀನಿ. ದಿನಾ ಸಂಜಿ ಐದೂವರಿಯಿಂದ ಏಳರ ತನಕ ವಾಲಿಬಾಲ್ ಆಡ್ತೀವಿ, ಕಾಲೇಜಿನ್ಯಾಗ ಇದ್ದಾಗಿಂದ ಅದೇ ಹುಡುಗ್ರು. ಮೊನ್ನಿ ಗುರುವಾರದ ಸುದ್ದಿ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮಧ್ಯಾಹ್ನ ಎರಡಕ್ಕ ಎರಡು ಜೋಳದ ರೊಟ್ಟಿ ಪುಂಡಿಪಲ್ಯ ಉಂಡಿದ್ದೆ. ಐದಕ್ಕ ಮಂಡಾಳ ಒಗ್ಗರಣಿ ಎರಡು ಮಿರ್ಚಿ ತಿಂದು, ಅದಕ್ಕ 4 ಯೂನಿಟ್ ರ‍್ಯಾಪಿಡ್ (ಲಗೂ ಕೆಲಸ ಮಾಡೋ) ಇನ್ಸುಲಿನ್ ತೊಡಿಗೆ ಹಾಕ್ಕೊಂಡು ಗ್ರೌಂಡಿಗೆ ಹೋದೆ. ಎರಡು ಸೆಟ್ ಆಯ್ತು, ಮೂರನೇದ್ರಾಗ ನನ್ನ ಸರ್ವಿಸ್ ಎಲ್ಲಾ ನೆಟ್ಟಿಗೇ ಹೋಗ್ಲಿಕ್ಕತ್ತಿತ್ತು. ಗೆಳೆಯ ಒಬ್ಬ ಯಾಕಲೇ ಬಾಲ್ ಒಂದ್ ಕಡಿ ನೀ ಒಂದ್ ಕಡಿ ನೋಡ್ಲಿಕ್ಕತ್ತೀ ಅಂದ, ನಾ ಅವನ ಮ್ಯಾಲೆ ಸುಮ್ಮ ಸುಮ್ಮನೆ ರೇಗಿದೆ, ಹಂಗ ನಾ ಯಾರ ಮ್ಯಾಲೂ ರೇಗಾಂವ ಅಲ್ಲ. ಅಂಗಿ ಪೂರ್ತಿ ತೊಯ್ದಿತ್ತು, ಆದ್ರ ಮೇ ತಿಂಗಳ ರಾಯಚೂರಾಗ ಸಂಜಿ ಆರಕ್ಕ ಯಾರ ಅಂಗಿ ಒಣಗಿರ್ತದ ಹೇಳ್ರಿ. ನಮ್ಮ ಕಾಕನ ಮಗ ಸುಮ್ನೆ ಬಿಡ್ಲಿಲ್ಲ, ಬ್ಯಾಗಿನಿಂದ ಮೀಟರ್ ತಗದು ಬೆರಳು ಚುಚ್ಚಿದ. 46.

ನನಗ ಕೈ ನಡುಗಿಲ್ಲ, ಎದಿ ಬಡಕೊಂಡಿಲ್ಲ, ಹಸಿವಿಲ್ಲ. ಮೊದಲೆಲ್ಲಾ 65ಕ್ಕ ಬಂದ್ರ ಸಾಕು, ಚಾ ಗ್ಲಾಸ್ ಹಿಡಿಯಾಕ ಬರ್ತಿರ್ಲಿಲ್ಲ, ಅಷ್ಟು ನಡುಗ್ತಿದ್ದೆ. ಅದು ಎಲ್ಲಿ ಹೋಯ್ತು? ಎಲ್ಲರಿಗೂ ಹಿಂಗ ಆಗ್ತದೇನು, ಇಲ್ಲಾ ನರ ಹೋಗ್ಯಾವೇನು? ಆಟ ಬಿಡಬೇಕಾ? ಮನ್ಯಾಗ ಇನ್ನೂ ಹೇಳಿಲ್ಲ.


ಸಿಂಧನೂರು_ಅವ್ವ

ತಮ್ಮಾ, ಓದಿ ಎದಿ ಧಸಕ್ಕಂತು. ನನ್ನ ಮಗಳಿಗೆ 13 ವರ್ಷ, ಟೈಪ್ 1 ಬಂದು ನಾಲ್ಕು ವರ್ಷ. ಹೋದ ವರ್ಷ ಸ್ಕೂಲಿನ್ಯಾಗ ಖೊಖೊ ಆಡಿ ಬಂದ ದಿನ ಚಲೋ ಉಂಡು ಮಲಗಿದ್ಲು, ಮಲಗಾಗ 140 ಇತ್ತು. ರಾತ್ರಿ ಎರಡೂವರಿಗೆ ನಾನು ಯಾಕೋ ಎದ್ದು ಮುಟ್ಟಿದ್ರ ದಿಂಬು ಒದ್ದಿ, ಹೆಸರು ಹಿಡಿದು ಕರದ್ರ ಏನೋ ಬ್ಯಾರೇನ ಮಾತಾಡ್ಲಿಕ್ಕತ್ತಿದ್ಲು. 38 ಇತ್ತು. ಸಕ್ಕರಿ ನೀರು ಸ್ವಲ್ಪ ಸ್ವಲ್ಪ ಕುಡಿಸಿ ಕುಡಿಸಿ ಬೆಳಗು ಮಾಡೀವಿ. ಅವತ್ತಿಂದ ಆಟ ಬಿಡಿಸೀನಿ. ಈ ವರ್ಷ ಸ್ಕೂಲ್ ಶುರುವಾದ್ರ ಪಿಟಿ ಪಿರಿಯಡ್‌ಗೆ ಕುಂದ್ರಸ್ರಿ ಅಂತ ಚೀಟಿ ಬರದು ಇಟ್ಟೀನಿ. ನೀನೂ ಸ್ವಲ್ಪ ದಿನ ಆಟ ಬಿಡಪ್ಪ, ಜೀವಕ್ಕಿಂತ ಆಟ ದೊಡ್ಡದಲ್ಲ. ಮನ್ಯಾಗ ಮಾತ್ರ ಇವತ್ತೇ ಹೇಳು.


ಬಳ್ಳಾರಿ_22ವರ್ಷದ_ಶುಗರ್

ತಮ್ಮ, ಮೊದಲು ಮೀಟರ್ ಮೆಮರಿ ತೆಗ್ದು ಹೋದ ಒಂದು ತಿಂಗಳಲ್ಲಿ 70ಕ್ಕಿಂತ ಕಡಿಮೆ ಎಷ್ಟು ಸಲ ಐತೆ ಅಂತ ಎಣಿಸಿ ಹೇಳು. ಎಲ್ಲಾ ಎಣಿಸಬೇಕು, 66, 68 ಕೂಡ. ನಾ ಯಾಕೆ ಕೇಳ್ತಾ ಇದೀನಿ ಅಂತ ಆಮೇಲೆ ಹೇಳ್ತೀನಿ.

ಇನ್ನೊಂದು, ಡಾಕ್ಟ್ರುಗಳು ಕೇಳೋ ಒಂದು ಪ್ರಶ್ನೆ ಐತೆ. ಲೋ, ಅಂದ್ರೆ ಶುಗರ್ 70ಕ್ಕಿಂತ ಇಳಿಯೋದು, ಶುರುವಾದಾಗ ನಿಂಗೆ ಗೊತ್ತಾಗುತ್ತಾ, 1ರಿಂದ 7ರೊಳಗೆ ನಂಬರ್ ಕೊಡು, 1 ಅಂದ್ರೆ ಯಾವಾಗ್ಲೂ ಗೊತ್ತಾಗುತ್ತೆ, 7 ಅಂದ್ರೆ ಒಂದ್ಸಲನೂ ಗೊತ್ತಾಗಲ್ಲ. 4 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಲೋ ತಿಳಿಯೋ ಶಕ್ತಿ ಕುಗ್ಗಿದೆ ಅಂತ ಲೆಕ್ಕ.


ರಾಯಚೂರು_ವಾಲಿಬಾಲ್

ಎಣಿಸಿದೆ ಅಣ್ಣ. 30 ದಿನದಾಗ 17 ಸಲ. ನನಗೇ ನಂಬಿಕಿ ಬರವಲ್ದು. ಒಂಬತ್ತು ಆಟ ಆದಮ್ಯಾಲೆ, ನಾಲ್ಕು ಬೆಳಿಗ್ಗೆ ಎದ್ದ ಕೂಡ್ಲೇ, ಉಳಿದಿದ್ದು ಹಂಗೇ ಅಲ್ಲೊಂದು ಇಲ್ಲೊಂದು. ಹೆಚ್ಚಿನವು 58ರಿಂದ 68ರ ಒಳಗ. ನಾನು ಅವನ್ನ ಲೋ ಅಂತ ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್) 6.1 ಬಂದಿತ್ತು, ಭಾಳ ಛಲೋ ಕಂಟ್ರೋಲ್ ಅಂತ ಎಲ್ಲರೂ ಹೊಗಳಿದ್ರು, ನಾನೂ ಹಿಗ್ಗಿದ್ದೆ. ಆ ಪ್ರಶ್ನೆಗೆ ಖರೇ ಹೇಳ್ಬೇಕಂದ್ರ 5.


ಬಳ್ಳಾರಿ_22ವರ್ಷದ_ಶುಗರ್

ಅದೇ ನಾ ಹುಡುಕ್ತಿದ್ದಿದ್ದು. ಈಗ ಉದ್ದಕ್ಕೆ ಬರೀತೀನಿ, ಕೂತು ಓದು.

ಶುಗರ್ ಇಳಿದಾಗ ಮೈ ಒಳಗೆ ಅಡ್ರಿನಲಿನ್ ಬರುತ್ತೆ, ಕೈ ನಡುಗೋದು, ಎದೆ ಬಡಿದುಕೊಳ್ಳೋದು, ಬೆವರು, ಇವೆಲ್ಲಾ ಅದರಿಂದ್ಲೇ ಆಗೋದು. ಇನ್ನೂ ತಲೆ ಕೆಲಸ ಮಾಡ್ತಿರೋವಾಗ್ಲೇ ಏಳು ತಿನ್ನು ಅಂತ ಎಬ್ಬಿಸೋ ಕೂಗು ಅದು. ಆದ್ರೆ ಪದೇಪದೇ ಲೋ ಆದ್ರೆ ಆ ಕೂಗು ತಡವಾಗ್ತಾ ಹೋಗುತ್ತೆ. ನಮ್ಮ ಕಡೆ ಅದಿರು ಲಾರಿ ಓಡಾಡೋ ರೋಡಿನ ಪಕ್ಕ ಮನೆ ಇದ್ದೋರನ್ನ ಕೇಳು, ಮೊದಲನೇ ವಾರ ನಿದ್ದೆ ಇಲ್ಲ, ಆಮೇಲೆ ಲಾರಿ ಮನೆ ಅಲ್ಲಾಡಿಸ್ಕೊಂಡು ಹೋದ್ರೂ ಎಚ್ಚರ ಆಗಲ್ಲ. ಹಂಗೇ ಮೈ 60ಕ್ಕೆ ಒಗ್ಗಿ ಹೋಗುತ್ತೆ. ಮೊದಲು 65ಕ್ಕೆ ಬರ್ತಿದ್ದ ನಡುಕ 50ಕ್ಕೂ ಬರಲ್ಲ, ಅಷ್ಟರಲ್ಲಿ ತಲೆಗೇ ಸಕ್ಕರೆ ಸಾಲದೆ ಬುದ್ಧಿ ಮಂಕಾಗಿರುತ್ತೆ. ನೀನು ಗೆಳೆಯನ ಮೇಲೆ ರೇಗಿದ್ದು ಅದೇ. ಟೈಪ್ 1 ಇರೋ ದೊಡ್ಡೋರಲ್ಲಿ ನಾಲ್ಕು ಜನಕ್ಕೆ ಒಬ್ಬರಿಗೆ ಹೆಚ್ಚೂಕಡಿಮೆ ಈ ತೊಂದರೆ ಐತೆ, ಇಂಥವರಿಗೆ ಬೇರೆಯವರು ಬಂದು ಎಬ್ಬಿಸಬೇಕಾದಂಥ ದೊಡ್ಡ ಲೋ ಆಗೋ ಅಪಾಯ ಆರು ಪಟ್ಟು ಜಾಸ್ತಿ. ಅಮೆರಿಕಾದ ಫಿಲಿಪ್ ಕ್ರೈಯರ್ ಅನ್ನೋ ಡಾಕ್ಟ್ರು ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ.

ಈಗ ಆಟಕ್ಕೂ ಇದಕ್ಕೂ ಏನು ಸಂಬಂಧ ಅಂದ್ರೆ ಇದು ಎರಡೂ ಕಡೆಯಿಂದ ಹಿಡಿಯೋ ಇಕ್ಕಳ. ಇವತ್ತು ಲೋ ಆಗಿದ್ರೆ ನಾಳೆ ಆಡುವಾಗ ಶುಗರ್ ಇಳಿಯೋದನ್ನ ಮೈ ಸರಿಯಾಗಿ ತಡೆಯಲ್ಲ, ಇವತ್ತು ಜೋರಾಗಿ ಆಡಿದ್ರೆ ನಾಳೆ ಲೋ ಆದಾಗ ಕೂಗು ಕಡಿಮೆ. ನೀನು ದಿನಾ ಆಡ್ತೀಯ, ಹೆಚ್ಚೂಕಡಿಮೆ ದಿನ ಬಿಟ್ಟು ದಿನ ಲೋ ಆಗ್ತೀಯ. ಹಂಗಾಗಿ ಬಿಡುವೇ ಸಿಕ್ಕಿಲ್ಲ ಮೈಗೆ.

ನಂಗೂ ಆಗಿತ್ತು. 2016ರಲ್ಲಿ ಕೆಲಸ ಮುಗಿಸಿ ಗಾಡಿ ಓಡಿಸ್ಕೊಂಡು ಬಂದು ಪಕ್ಕದ ಮನೆ ಬಾಗಿಲಿಗೆ ನಮ್ಮನೆ ಕೀಲಿ ಹಾಕಿ ತಿರುವ್ತಾ ನಿಂತಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆ ಮನೆ ಅಜ್ಜಿ ಬಾಗಿಲು ತೆಗೆದು ಏನಪ್ಪಾ ಅಂದ್ರೆ ನಂಗೆ ಉತ್ತರ ಕೊಡಕ್ಕೆ ಬಾಯಲ್ಲಿ ಮಾತು ಕೂಡ್ತಾ ಇಲ್ಲ. ಗಾಡಿ ಮೇಲೆ ಸಂಗಂ ಸರ್ಕಲ್ ದಾಟಿ ಬಂದಿದ್ದೆ, ಅದು ಹೆಂಗೆ ದಾಟಿದೆ ಅಂತ ಇವತ್ತಿಗೂ ನೆನಪಿಲ್ಲ.

ಸಮಾಧಾನದ ಮಾತು ಏನಂದ್ರೆ ಇದು ಬಹಳ ಜನಕ್ಕೆ ವಾಪಸ್ ಬರುತ್ತೆ. ಎರಡು ಮೂರು ವಾರ ಒಂದೂ ಲೋ ಆಗದಂಗೆ ನೋಡ್ಕೊಂಡ್ರೆ ನಡುಕ ಮತ್ತೆ ಮೊದಲಿನ ಜಾಗಕ್ಕೆ ಬರೋಕೆ ಶುರುವಾಗುತ್ತೆ. ನಂಗೆ ಬಂತು. ಡಾಕ್ಟ್ರ ಹತ್ರ ಹೋಗಿ ಆ 17 ರೀಡಿಂಗ್ ತೋರಿಸು, ಎಚ್‌ಬಿಎ1ಸಿ ಒಂದನ್ನೇ ತೋರಿಸಬೇಡ. ಅದು ಸರಾಸರಿ ಅಷ್ಟೇ, ಲೋಗಳು ಅದರೊಳಗೆ ಮುಚ್ಚಿ ಹೋಗ್ತವೆ.

ಬಿಪಿಗೋ ಹಾರ್ಟಿಗೋ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರು ಇದ್ರೆ ಅವರಿಗೂ ನಡುಕ, ಎದೆಬಡಿತ ತಿಳಿಯಲ್ಲ, ಬೆವರು ಮಾತ್ರ ಉಳಿಯುತ್ತೆ, ಅದನ್ನೂ ಡಾಕ್ಟ್ರಿಗೆ ಕೇಳಿ.


ಗಂಗಾವತಿ_ನಾಟಿ

ನಮಸ್ಕಾರ್ರಿ, ನಮ್ಮವ್ವ ಹೇಳಾಕತ್ತಾಳ, ನಾ ಟೈಪ್ ಮಾಡಾಕತ್ತೀನಿ. ಅವ್ವಗ 41 ವರ್ಷ, ಟೈಪ್ 1 ಬಂದು 19 ವರ್ಷ.

ನಾವೇನು ಆಟ ಆಡಂಗಿಲ್ಲ ತಮ್ಮಾ, ಆದ್ರ ನಾಟಿ ಹಚ್ಚೋದೂ ಅದೇ ಅಲ್ಲೇನು. ಬೆಳಿಗ್ಗೆ ಏಳಕ್ಕ ಗದ್ದಿಗೆ ಇಳದ್ರ ಸೊಂಟ ಬಗ್ಗಿಸಿ ಮಧ್ಯಾಹ್ನದ ಮಟ, ಗುತ್ತಿಗಿ ಕೆಲಸ, ಎಕರೆಕ್ಕ ಇಷ್ಟು ಅಂತ, ನಾ ಒಬ್ಬಾಕಿ ನಿಂತ್ರ ಗುಂಪಿನ್ಯಾಗ ಎಲ್ಲರಿಗೂ ಹೊಡ್ತ. ಕೆಸರಾಗ ಮೊಣಕಾಲ ಮಟ ಇದ್ದಾಗ ಬೆವರು ಯಾವುದು ನೀರು ಯಾವುದು ಗೊತ್ತಾಗಂಗಿಲ್ಲ. ನಡುಕ ಬರೋದು ಯಾವಾಗೋ ನಿಂತೈತಿ. ನನಗ ತಿಳಿಯೋದು ಸಾಲು ನೋಡಿ. ನಾ ಹಚ್ಚಿದ ಸಸಿ ಸಾಲು ಯಾವತ್ತೂ ಹಗ್ಗ ಹಿಡದಂಗ ನೆಟ್ಟಗಿರತೈತಿ, ಲೋ ಆಗಾಕತ್ತಿತು ಅಂದ್ರ ಸಾಲು ಎಡಕ್ಕ ಸರಿತೈತಿ, ನನಗ ಕಾಣಂಗಿಲ್ಲ, ಬಾಜೂಕ ಹಚ್ಚಾಕಿಗೆ ಕಾಣತೈತಿ. ಅಕಿ ಅಕ್ಕಾ ಸಾಲು ಅಂತಾಳ, ಅಷ್ಟ. ನಾ ಬದುವಿಗೆ ಬಂದು ಕೈ ತೊಳಕೊಂಡು ಎಲಿ ಸಂಚಿ ಬಿಚ್ಚತೀನಿ, ಅದರಾಗ ಪ್ಲಾಸ್ಟಿಕ್ ಚೀಟಿಯೊಳಗ ಸಕ್ಕರಿ ಕಟ್ಟಿಟ್ಟಿರತೀನಿ. ಐದು ವರ್ಷ ಆತು, ಅಕಿ ಬಾಜೂಕ ಇಲ್ದ ನಾ ಗದ್ದಿಗೆ ಇಳದಿಲ್ಲ.

ನಮಗ ಸರಕಾರಿ ದವಾಖಾನಿಯೊಳಗ ಕೊಡೋದು 30/70 ಮಿಕ್ಸ್ ಇನ್ಸುಲಿನ್. ಬೆಳಿಗ್ಗೆ ಆರಕ್ಕ ತಗೊಂಡ್ರ ಹನ್ನೊಂದು ಹನ್ನೆರಡರ ಹೊತ್ತಿಗೆ ಜೋರು ಇಳೀತೈತಿ. ಅದಕ್ಕ ಏನರ ಮಾಡಾಕ ಬರತೈತೇನು?


ಸ್ಟಾಫ್‌ನರ್ಸ್_ಬಳ್ಳಾರಿ

ಗಂಗಾವತಿ ಅಕ್ಕಾರ ಮಾತು ಓದಿ ತುಂಬಾ ಹೊತ್ತು ಅದನ್ನೇ ಯೋಚನೆ ಮಾಡ್ತಿದ್ದೆ. ಆ ಸಾಲು ಸರಿಯೋದು ಐತಲ್ಲ, ಅದೇ ಎಲ್ಲರೂ ಹುಡುಕಿಕೊಳ್ಳಬೇಕಾದದ್ದು. ನಡುಕ ಹೋದ ಮೇಲೂ ತಲೆಗೆ ಸಕ್ಕರೆ ಸಾಲದಾಗ ಒಬ್ಬೊಬ್ಬರಿಗೆ ಒಂದೊಂದು ಗುರುತು ಇರುತ್ತೆ, ತುಟಿ ಜುಮ್ ಅನ್ನೋದು, ಒಂದೇ ಮಾತು ಎರಡು ಸಲ ಹೇಳೋದು, ಕಣ್ಣಿಗೆ ಎರಡೆರಡು ಕಾಣೋದು, ಹಠ, ಸಿಟ್ಟು, ಸುಮ್ಮನೆ ಅಳು. ರಾಯಚೂರು ತಮ್ಮನಿಗೆ ಸರ್ವಿಸ್ ನೆಟ್ಟಿಗೆ ಹೋಗಿದ್ದು. ಇದು ನಮಗಿಂತ ಮೊದಲು ಪಕ್ಕದಲ್ಲಿರೋರಿಗೆ ಕಾಣುತ್ತೆ, ಅದಕ್ಕೆ ಆಡೋ ಹುಡುಗ್ರಿಗೆ ಹೇಳಿಟ್ಟಿರಬೇಕು. ನಮ್ಮ ಸೀಮೆ ಬಿಸಿಲಲ್ಲಿ ಬೆವರು, ಬಾಯಾರಿಕೆ, ತಲೆ ತಿರುಗೋದು ಎಲ್ಲಾ ಬಿಸಿಲಿನ ಲೆಕ್ಕಕ್ಕೆ ಹೋಗಿಬಿಡುತ್ತೆ. ಏಪ್ರಿಲ್ ಮೇನಲ್ಲಿ ಬಿಸಿಲಿಗೆ ಹಿಂಗಾಗ್ತಿದೆ ಅಂತ ನೆರಳಲ್ಲಿ ಮಲಗಿದೋರು ಮಲಗಿದಲ್ಲೇ ಎಚ್ಚರ ತಪ್ಪಿ ಬಂದಿದ್ದನ್ನ ನಾನು ನೋಡಿದ್ದೀನಿ. ಬಿಸಿಲಾ ಲೋನಾ ಅಂತ ಅನುಮಾನ ಬಂದ್ರೆ ಚುಚ್ಚಿ ನೋಡಿ, ಮೀಟರ್ ಇಲ್ಲಾಂದ್ರೆ ಲೋ ಅಂತಲೇ ತಿಳಿದು ಸಕ್ಕರೆ ತಿನ್ನಿ.

ಅಕ್ಕಾ, ಮಿಕ್ಸ್ ಇನ್ಸುಲಿನ್‌ನಲ್ಲಿ ಎರಡು ಥರದ್ದು ಸೇರಿರುತ್ತೆ, ನಿಧಾನದ ಭಾಗ ನಾಲ್ಕು ತಾಸಿನ ಮೇಲೆ ಜೋರಾಗುತ್ತೆ, ನೀವು ಹೇಳೋ ಹನ್ನೊಂದು ಗಂಟೆ ಸರಿಯಾಗಿ ಅದೇ. ಒಂದನ್ನ ಬಿಟ್ಟು ಒಂದನ್ನ ಕಡಿಮೆ ಮಾಡಕ್ಕೆ ಬರಲ್ಲ, ಅದೇ ಅದರ ಕಷ್ಟ. ನಾಟಿ ದಿನಗಳಿಗೆ ಬೆಳಗಿನ ಯೂನಿಟ್ ಎಷ್ಟು ಇಳಿಸಬೇಕು ಅಂತ ಡಾಕ್ಟ್ರ ಹತ್ರ ಬರೆಸಿಕೊಳ್ಳಿ, ಕೆಲಸ ಇಲ್ಲದ ದಿನಕ್ಕೆ ಒಂದು, ನಾಟಿ ದಿನಕ್ಕೆ ಒಂದು. ಹತ್ತೂವರೆಗೆ ಲೋ ಆಗೋ ಮೊದಲೇ ಅರ್ಧ ರೊಟ್ಟಿನೋ ಬಾಳೆಹಣ್ಣೋ ತಿನ್ನಿ. ಎರಡು ಇನ್ಸುಲಿನ್ ಬೇರೆಬೇರೆ ತಗೊಳ್ಳೋಕೆ ಆಗುತ್ತಾ ಅಂತಲೂ ಕೇಳಿ, ನಿಮ್ಮ ಥರ ದುಡಿಯೋರಿಗೆ ಅದು ಅನುಕೂಲ.

ಇನ್ನೊಂದು ಎಲ್ಲರಿಗೂ. ಬಾಟ್ಲಿಯಲ್ಲಿ ಬರೋ ಇನ್ಸುಲಿನ್ ಹೆಚ್ಚಿನದು ಎಂ.ಎಲ್.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್. ಪೆನ್ ಕೆಟ್ಟಿತು ಅಂತ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡ್ರೆ ಎರಡೂವರೆ ಪಟ್ಟು ಹೋಗುತ್ತೆ ಒಳಗೆ. ಒಬ್ಬ ಹುಡುಗ 10 ಯೂನಿಟ್ ಅಂತ 25 ಹಾಕ್ಕೊಂಡು ಜಾತ್ರೆಗೆ ನಡ್ಕೊಂಡು ಹೊರಟಿದ್ದ. ದಯವಿಟ್ಟು ಮನೆಯಲ್ಲಿ ಸಿರಿಂಜ್ ತೆಗೆದು ನೋಡಿ.


ರಾಯಚೂರು_ವಾಲಿಬಾಲ್

ಅಕ್ಕಾರ, ಲೋ ಆದಾಗ ನಾನು ಡೈರಿ ಮಿಲ್ಕ್ ತಿಂತೀನಿ, ಸರಿ ಅದಲ್ಲ?


ಸ್ಟಾಫ್‌ನರ್ಸ್_ಬಳ್ಳಾರಿ

ಬೇಡಪ್ಪ. ಚಾಕಲೇಟು, ಪೇಡ, ಮೈಸೂರುಪಾಕ್, ಇವುಗಳಲ್ಲಿ ಜಿಡ್ಡು ಇರುತ್ತೆ, ಸಕ್ಕರೆ ರಕ್ತಕ್ಕೆ ಹೋಗೋದು ತಡ. 15 ಗ್ರಾಂ ಸಕ್ಕರೆ ಬೇಕು, ಅಂದ್ರೆ ಮೂರು ಚಮಚ ತುಂಬ ಸಕ್ಕರೆನೋ ಗ್ಲುಕೋಸ್ ಪುಡಿನೋ ನೀರಿಗೆ ಹಾಕಿ ಕುಡಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡು, 70 ದಾಟಿಲ್ಲ ಅಂದ್ರೆ ಮತ್ತೊಂದು ಸಲ. ದಾಟಿದ ಮೇಲೆ ಊಟ ದೂರ ಇದ್ರೆ ಏನಾದ್ರೂ ತಿನ್ನು. 54ಕ್ಕಿಂತ ಕೆಳಗೆ ಹೋಗಿದ್ದು ಸಣ್ಣ ಲೋ ಅಲ್ಲ, ಅವತ್ತು ಮತ್ತೆ ಆಟಕ್ಕೆ ಇಳಿಬೇಡ. ಹಿಂದಿನ 24 ತಾಸಲ್ಲಿ 50ರವರೆಗೆ ಇಳಿದಿದ್ರೆ, ಇಲ್ಲಾ ಬೇರೆಯವರು ಎಬ್ಬಿಸಬೇಕಾಗಿ ಬಂದಿದ್ರೆ ಮಾರನೇ ದಿನವೂ ಬೇಡ.

ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹುಯ್ಯಬಾರದು, ಶ್ವಾಸಕ್ಕೆ ಹೋಗುತ್ತೆ. ನಮ್ಮ ಕಡೆ ಜನ ಫಿಟ್ಸ್ ಅಂತ ತಿಳಿದು ಕೈಗೆ ಕಬ್ಬಿಣದ ಕೀಲಿ ಕೊಟ್ಟು, ಉಳ್ಳಾಗಡ್ಡಿ ಮೂಸಿಸಿ ಹೊತ್ತು ಕಳೀತಾರೆ. ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಶುಗರ್ ಪೇಷಂಟ್ ಇನ್ಸುಲಿನ್ ತಗೊಳ್ತಾರೆ ಅಂತ ಮೊದಲ ಮಾತಲ್ಲೇ ಹೇಳಿ. ಶುಗರ್ ಏರಿಸೋ ಗ್ಲುಕಗಾನ್ ಇಂಜೆಕ್ಷನ್ ಎಲ್ಲಾ ಮೆಡಿಕಲ್‌ನಲ್ಲಿ ಇರಲ್ಲ, ಸಿಗೋರು ಮನೆಯಲ್ಲಿ ಇಟ್ಕೊಳ್ಳಿ.


ಕೊಪ್ಪಳ_ಪಿಟಿ_ಮಾಸ್ತರ

ನಾನು ಹೈಸ್ಕೂಲಿನ್ಯಾಗ ದೈಹಿಕ ಶಿಕ್ಷಕ, ನಮ್ಮ ಸಾಲಿಯೊಳಗ ಟೈಪ್ 1 ಇರೋ ಒಬ್ಬ ಹುಡುಗ ಅದಾನ, ಅವನ ಸಲುವಾಗಿ ನಾ ಇದನ್ನೆಲ್ಲಾ ಕಲತೆ. ಸಿಂಧನೂರು ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಆ ಚೀಟಿ ಕೊಡಬ್ಯಾಡ್ರಿ. ನಿಮ್ಮ ಮಗಳಿಗೆ ಲೋ ಆಗಿದ್ದು ಆಟದಿಂದ ಅಲ್ಲ, ಆಟದ ದಿನಾನೂ ಇನ್ಸುಲಿನ್ ಅಷ್ಟೇ ಹಾಕಿದ್ದರಿಂದ. ಆಡುವಾಗ ಸ್ನಾಯು ಇನ್ಸುಲಿನ್ ಇಲ್ಲದೆನ ರಕ್ತದಾಗಿನ ಸಕ್ಕರಿ ಎಳಕೊಳ್ತಾವು, ಆಡಿ ಮುಗದಮ್ಯಾಲೆ ಖಾಲಿ ಆಗಿದ್ದನ್ನ ತುಂಬಿಸ್ಕೊಳ್ಳಾಕ ಮತ್ತ ಎಳೀತಾವು, ಅದು 24 ತಾಸು ಆದರೂ ನಡೀತೈತಿ. ಸಂಜಿ ಆಡಿದ್ರ ಏಳರಿಂದ ಹನ್ನೊಂದು ತಾಸಿಗೆ ಇನ್ನೊಂದು ಇಳಿತ ಬರತೈತಿ, ಎಣಿಸಿ ನೋಡ್ರಿ, ರಾತ್ರಿ ಎರಡು ಮೂರಕ್ಕ ಬಂದು ನಿಲ್ಲತೈತಿ. ನೀವು ಎದ್ದಿದ್ದು ಅದೇ ಹೊತ್ತು. ತಾಯಿ ಕರುಳು ಅನ್ನೋದು ಸುಳ್ಳಲ್ಲ.

ನಾವು ಮಾಡೋದು ಹಿಂಗ. ಆಟದ ಮೊದಲು ಚುಚ್ಚಿ ನೋಡತೀವಿ. 90ಕ್ಕಿಂತ ಕಡಿಮಿ ಇದ್ರ ಮೊದಲು 10-20 ಗ್ರಾಂ ಸಕ್ಕರಿ, 90 ದಾಟಿದ ಮ್ಯಾಲೆನ ಗ್ರೌಂಡಿಗೆ. 90ರಿಂದ 124 ಇದ್ರ 10 ಗ್ರಾಂ ತಿಂದು ಆಡತಾನ. 126ರಿಂದ 180 ಛಲೋ. 270 ದಾಟಿದ್ರ ಕೀಟೋನ್ (ಇನ್ಸುಲಿನ್ ಸಾಲದಾಗ ಮೈ ಕೊಬ್ಬು ಕರಗಿಸಿದ್ರ ಬರೋ ಆಮ್ಲ) ನೋಡಬೇಕು, ಕೀಟೋನ್ ಜಾಸ್ತಿ ಇದ್ರ ಆಟ ಇಲ್ಲ. ಇವು 2017ರಾಗ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕಿ ಬಳಗದಾಗ ಬಂದ ತಜ್ಞರ ಲೆಕ್ಕ, ನಮ್ಮ ಡಾಕ್ಟರು ಒಪ್ಪಿ ಬರದುಕೊಟ್ಟಾರ. ನಡುವ ಅರ್ಧ ತಾಸಿಗೊಮ್ಮೆ ನೋಡತೀವಿ, ಸ್ಟ್ರಿಪ್ ತುಟ್ಟಿ, ನಾವು ಮಾಸ್ತರು ಕೂಡಿ ಒಂದೊಂದು ಡಬ್ಬಿ ಕೊಡಸತೀವಿ.

ಆಸ್ಟ್ರೇಲಿಯಾದವರು ಕಂಡುಹಿಡದದ್ದು ಒಂದೈತಿ. ಆಟ ಮುಗಿಸೋ ಹೊತ್ತಿನ್ಯಾಗ 10 ಸೆಕೆಂಡ್ ಜೀವ ಬಿಟ್ಟು ಓಡಿದ್ರ ಆಮ್ಯಾಲಿನ ಸ್ವಲ್ಪ ಹೊತ್ತಿನ ಇಳಿತ ತಡೀತೈತಿ, ಜೋರು ಓಟಕ್ಕ ಅಡ್ರಿನಲಿನ್ ಬಂದು ಲಿವರ್ ಸಕ್ಕರಿ ಬಿಡತೈತಿ. ಜಿಮ್ ಮಾಡೋರು ಮೊದಲು ಡಂಬೆಲ್ಸ್ ಆಮ್ಯಾಲೆ ಓಟ ಮಾಡಿದ್ರೂ ಇಳಿತ ಕಡಿಮಿ. ಆದ್ರ ಶುಗರ್ ಲೋ ಇದ್ದಾಗ ಓಡಿ ಏರಸ್ತೀನಿ ಅಂತ ಯಾರೂ ಹೋಗಬ್ಯಾಡ್ರಿ, ಆಗ ಸಕ್ಕರಿ ಒಂದೇ ಔಷಧ.

ಮಗಳಿಗೆ ಹೇಳ್ರಿ, ವಾಸಿಂ ಅಕ್ರಂಗೆ 1997ರಾಗ ಟೈಪ್ 1 ಅಂತ ಗೊತ್ತಾತು, 2003ರ ಮಟ ಫಾಸ್ಟ್ ಬೌಲಿಂಗ್ ಮಾಡಿದ. ಗ್ಯಾರಿ ಹಾಲ್ ಅಂತ ಈಜುಗಾರಗ 1999ರಾಗ ಬಂತು, ಮರುವರ್ಷ ಸಿಡ್ನಿ ಒಲಿಂಪಿಕ್ಸ್‌ನ್ಯಾಗ ಬಂಗಾರ, 2004ರಾಗ ಅಥೆನ್ಸ್‌ನ್ಯಾಗ ಮತ್ತ ಬಂಗಾರ.


ಸಂಡೂರು_ಸೈಕಲ್

ನಾನು ಭಾನುವಾರ ಸಂಡೂರು ಘಾಟ್ ಸೈಕಲ್ ಹೊಡೀತೀನಿ, ಟೈಪ್ 1 ಒಂಬತ್ತು ವರ್ಷ. ನಾ ಮಾಡೋದು ಸರಳ, ಹೊರಡುವಾಗ 250 ಇರೋ ಹಂಗೆ ನೋಡ್ಕೋತೀನಿ, ಬೀಳೋ ಚಿಂತೆ ಇಲ್ಲ. ಮೈಗೆ ಅಂಟಿಸಿ ಶುಗರ್ ನೋಡೋ ಸೆನ್ಸರ್ ಕೂಡ ಹಾಕ್ಕೊಂಡಿರ್ತೀನಿ, 14 ದಿನದ್ದು, ಖರ್ಚು ಜಾಸ್ತಿ ಅಂತ ಒಂದು ತಿಂಗಳು ಬಿಟ್ಟು ಒಂದು ತಿಂಗಳು.


ಬಳ್ಳಾರಿ_22ವರ್ಷದ_ಶುಗರ್

ತಮ್ಮ, 250 ಬೇಡ. ವಾರಕ್ಕೆ ಒಂದಿನ ಅಂತ ಶುರುವಾಗುತ್ತೆ, ಆಮೇಲೆ ಭಯಕ್ಕೆ ದಿನಾ ಅದೇ ಅಭ್ಯಾಸ ಆಗುತ್ತೆ. ನಾನು ಲೋ ಭಯಕ್ಕೆ ಎರಡು ವರ್ಷ ಶುಗರ್ ಹಂಗೇ ಮೇಲೆ ಇಟ್ಕೊಂಡು, ಕಣ್ಣಿಗೆ ತೊಂದರೆಯಾಗಿ ಲೇಸರ್ ಮಾಡಿಸ್ಕೊಂಡಿದ್ದೀನಿ. ಮಾಸ್ತರು ಹೇಳಿದ 126-180 ಸಾಕು, ಜೊತೆಗೆ ತಿನ್ನೋದು ಇಟ್ಕೋ. ಸೆನ್ಸರ್ ಬಗ್ಗೆ ಒಂದು ಮಾತು, ಅದು ರಕ್ತ ಅಲ್ಲ ಚರ್ಮದ ಕೆಳಗಿನ ನೀರು ನೋಡುತ್ತೆ, 5ರಿಂದ 15 ನಿಮಿಷ ಹಿಂದೆ ಇರುತ್ತೆ. ಘಾಟ್ ಹತ್ತುವಾಗ ಬೇಗ ಇಳೀತಾ ಇದ್ರೆ ಅದರಲ್ಲಿ 82 ಕಂಡ್ರೂ ಬೆರಳಲ್ಲಿ 60 ಇರಬಹುದು. ಬಾಣ ಕೆಳಗೆ ತೋರಿಸಿದ್ರೆ ನಂಬರ್ ನೋಡ್ಬೇಡ, ಬಾಣ ನೋಡು.

ರಾಯಚೂರು ತಮ್ಮ, ನಿನ್ನ ಗುರುವಾರದ ಲೆಕ್ಕಕ್ಕೆ ವಾಪಸ್ ಬರ್ತೀನಿ. ಐದಕ್ಕೆ ಹಾಕಿದ ರ‍್ಯಾಪಿಡ್ ಜೋರಾಗೋದು ಒಂದು ತಾಸಿನ ಮೇಲೆ, ಅಂದ್ರೆ ಸರಿಯಾಗಿ ನೀನು ಕೋರ್ಟಲ್ಲಿ ಇದ್ದಾಗ. ಅದೂ ತೊಡೆಗೆ ಹಾಕಿದ್ದೀಯ, ಎಗರೋ ಕಾಲಿನಿಂದ ಇನ್ಸುಲಿನ್ ಬೇಗ ಏರುತ್ತೆ, ಬಿಸಿಲಲ್ಲಿ ಇನ್ನೂ ಬೇಗ. ಮಿರ್ಚಿ ಎಣ್ಣೆಗೆ ಮಂಡಕ್ಕಿ ನಿಧಾನ ಕರಗಿದೆ. ಎಲ್ಲಾ ಒಂದೇ ಕಡೆ ಎಳೆದಿದೆ. ಆಟದ ಮೊದಲಿನ ತಿಂಡಿಗೆ ಹಾಕೋ ಇನ್ಸುಲಿನ್ನನ್ನ ಆಟದ ಜೋರು ನೋಡಿ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೂ ಇಳಿಸ್ತಾರೆ, ನಿಂಗೆಷ್ಟು ಅಂತ ಡಾಕ್ಟ್ರು ಹೇಳ್ಲಿ. ಹೊಟ್ಟೆಗೆ ಹಾಕು. ಸಂಜೆ ಆಡಿದ ದಿನ ರಾತ್ರಿ ಬೇಸಲ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡೋ ಇನ್ಸುಲಿನ್) ಶೇಕಡಾ 20 ಇಳಿಸೋದೂ ಐತೆ, ಅದನ್ನೂ ಕೇಳು. ಆಟ ಮುಗಿಸಿ ಗಾಡಿ ಹತ್ತೋ ಮೊದಲು ಚುಚ್ಚದೆ ಕೀಲಿ ತಿರುವಬೇಡ.


ಸಿರವಾರ_ಪಾದಯಾತ್ರಿ

ನಡುವ ಬಾಯಿ ಹಾಕ್ತೀನಿ. ನಾನು ಯುಗಾದಿ ಮುಂದ ಶ್ರೀಶೈಲಕ್ಕ ನಡಕೊಂತ ಹೋಗಬೇಕಂತ ಹರಕಿ ಹೊತ್ತೀನಿ, ಟೈಪ್ 1 ಆರು ವರ್ಷ. ಹೋಗಬಹುದಾ?


ಬಳ್ಳಾರಿ_22ವರ್ಷದ_ಶುಗರ್

ಹೋಗಬಹುದು, ಆದ್ರೆ ಎರಡು ತಿಂಗಳು ಮೊದಲೇ ಡಾಕ್ಟ್ರ ಹತ್ರ ಹೋಗಿ ಬೇಸಲ್ಲು ಊಟದ್ದು ಎರಡೂ ಇಳಿಸೋ ಲೆಕ್ಕ ಬರೆಸ್ಕೋಬೇಕು, ಊರಲ್ಲೇ ಹತ್ತು ಕಿಲೋಮೀಟರ್ ಹದಿನೈದು ಕಿಲೋಮೀಟರ್ ನಡೆದು ನೋಡಬೇಕು. ಮೊದಲ ದಿನಕ್ಕಿಂತ ಎರಡನೇ ದಿನ ಹುಷಾರು, ಹಿಂದಿನ ದಿನದ ನಡಿಗೆ ಇನ್ನೂ ಎಳೀತಿರುತ್ತೆ. ದಾಸೋಹ ಎಲ್ಲಿ ಸಿಗುತ್ತೆ ಅಂತ ನೋಡ್ಕೊಂಡು ಇನ್ಸುಲಿನ್ ಹಾಕಬೇಡ, ತಟ್ಟೆ ಕೈಗೆ ಬಂದ ಮೇಲೆ ಹಾಕ್ಕೋ. ಬರಿಗಾಲಲ್ಲಿ ಬೇಡ, ಮಲ್ಲಯ್ಯ ಚಪ್ಪಲಿ ನೋಡಿ ಹರಕೆ ಅಳೆಯಲ್ಲ. ಇನ್ಸುಲಿನ್ ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ನೆರಳಲ್ಲಿರಲಿ. ಜೊತೆಗೆ ಒಬ್ಬರು ನಿನ್ನ ಗುರುತು ಬಲ್ಲವರು ಇರಲೇಬೇಕು.


ಸಿಂಧನೂರು_ಅವ್ವ

ಮಾಸ್ತರ, ನಿಮ್ಮ ಮಾತು ಓದಿ ಮೂರು ದಿನ ಸುಮ್ಮನಿದ್ದೆ. ಮಗಳಿಗೆ ತೋರಿಸಿದೆ. ಅವ್ವಾ ನಾ ಸತ್ತು ಹೋಗ್ತೀನಿ ಅಂತ ನೀ ಆಟ ಬಿಡಿಸಿದಿಯೇನು ಅಂತ ಕೇಳಿದ್ಲು, ನನಗ ಏನು ಹೇಳಬೇಕಂತ ತಿಳೀಲಿಲ್ಲ. ಡಾಕ್ಟ್ರ ಹತ್ರ ಮುಂದಿನ ಮಂಗಳವಾರ ಹೋಗ್ತೀವಿ. ಚೀಟಿ ಇನ್ನೂ ಡಬ್ಬಿಯೊಳಗ ಅದ.


ರಾಯಚೂರು_ವಾಲಿಬಾಲ್

ಎಲ್ಲರಿಗೂ ನಮಸ್ಕಾರ್ರೀ, ಇವತ್ತಿಗೆ 24 ದಿನ. ಬರೀಬೇಕಂತ ಕಾಯ್ಲಿಕ್ಕತ್ತಿದ್ದೆ.

ಡಾಕ್ಟ್ರು 17 ರೀಡಿಂಗ್ ನೋಡಿ ಬೇಸಲ್ ಇಳಿಸಿದ್ರು, ಆಟದ ಮೊದಲಿನ 4 ಯೂನಿಟ್ ಈಗ 2, ಹೊಟ್ಟಿಗೆ. ಮೊದಲ ಹತ್ತು ದಿನ ವಾಲಿಬಾಲ್ ಬಿಟ್ಟು ಬರೇ ವಾಕಿಂಗ್ ಮಾಡಿದೆ, ಮೈ ಸುಧಾರಿಸ್ಲಿ ಅಂತ. ಶುಗರ್ 100ರ ಕೆಳಗ ಇಳೀದಂಗ ಇಟ್ಕೊಂಡೆ, ಬೆಳಿಗ್ಗೆ 190, 200 ಬಂದಾಗ ಜೀವಕ್ಕ ತಳಮಳ, ಎಚ್‌ಬಿಎ1ಸಿ ಏರ್ತದಲ್ಲ ಅಂತ. ಡಾಕ್ಟ್ರು ಏರ್ಲಿ ಬಿಡು ಅಂದ್ರು. ಮನ್ಯಾಗ ಹೇಳಿದೆ, ಅಪ್ಪ ಒಂದು ಮಾತೂ ಬೈಯ್ಲಿಲ್ಲ, ಎದ್ದು ಹೋಗಿ ಫ್ರಿಜ್ಜಿನ ಮ್ಯಾಲೆ ಒಂದು ಗ್ಲುಕೋಸ್ ಡಬ್ಬಿ, ನನ್ನ ಗಾಡಿ ಡಿಕ್ಕಿಯೊಳಗ ಒಂದು ಇಟ್ಟು ಬಂದ್ರು. ಹುಡುಗ್ರಿಗೂ ಹೇಳಿದೆ, ನಾ ಸುಮ್ಮ ಸುಮ್ಮನೆ ರೇಗಿದ್ರ, ಸರ್ವಿಸ್ ಎರಡು ಸಲ ನೆಟ್ಟಿಗೆ ಹೋದ್ರ ಆಟ ನಿಲ್ಲಸ್ರಿ ಅಂತ.

ನಿನ್ನೆ ಆಟ ಮುಗಿಸಿ ಚಾ ಅಂಗಡಿ ಮುಂದ ನಿಂತಿದ್ವಿ. ಗ್ಲಾಸ್ ತಗೊಂಡೆ, ಚಾ ಅಂಚಿಗೆ ಬಂದು ಬೆರಳ ಮ್ಯಾಲೆ ಚೆಲ್ಲಿತು. ಮೊದಲು ಬಿಸಿಗೆ ಅಂದ್ಕೊಂಡೆ. ಗ್ಲಾಸ್ ಕಟ್ಟಿ ಮ್ಯಾಲೆ ಇಟ್ಟೆ, ಆದ್ರೂ ಕೈ ನಿಲ್ಲವಲ್ದು, ಬೆರಳು ಒಂದೊಂದೂ ನಡುಗ್ಲಿಕ್ಕತ್ತಿತ್ತು. ಕಾಕನ ಮಗ ಮೀಟರ್ ತಗದ. 67.

ಅಲ್ಲೇ ಕಟ್ಟಿ ಮ್ಯಾಲೆ ಕುಂತು ಗ್ಲುಕೋಸ್ ನೀರು ಕುಡದೆ, 15 ನಿಮಿಷ ಎಲ್ಲರೂ ನನ್ನ ಸುತ್ತ ಕುಂತ್ರು, 104 ಬಂತು. ಲೋ ಆಗಬಾರದಿತ್ತು, ಗೊತ್ತು. ಆದ್ರ ಆ ನಡುಕ ಬಂದಿದ್ದಕ್ಕ ನನಗ ಆದ ಖುಷಿ ಹೆಂಗ ಹೇಳ್ಲಿ.


ಗಂಗಾವತಿ_ನಾಟಿ

ಅವ್ವಗ ಓದಿ ಹೇಳಿದೆ, ಕಣ್ಣಾಗ ನೀರು ತಂದಾಳ. ಅವ್ವಗೂ ನಾಟಿ ದಿನಕ್ಕ ಬ್ಯಾರೆ ಯೂನಿಟ್ ಬರದುಕೊಟ್ಟಾರ. ಕಾಲುವಿಗೆ ನೀರು ಇನ್ನೂ ಬಿಟ್ಟಿಲ್ಲ, ಬಿಟ್ಟಮ್ಯಾಲೆ ಹೇಳ್ತೀನಿ.


ಸಿಂಧನೂರು_ಅವ್ವ

ಶನಿವಾರ ಮಗಳು ಖೊಖೊ ಆಡಿದ್ಲು. ಶುರುವಿಗೆ 148, ನಡುವ 121, ಮುಗದಾಗ 109, ಎರಡು ಬಿಸ್ಕೀಟು ಹಾಲು ಕೊಟ್ಟೆ. ಡಾಕ್ಟ್ರು ಹೇಳಿದಂಗ ರಾತ್ರಿ ಇನ್ಸುಲಿನ್ ಇಳಿಸಿದ್ವಿ. ಎರಡಕ್ಕ ಅಲಾರಂ ಇಟ್ಟು ಎದ್ದು ಚುಚ್ಚಿದೆ, 116. ಅಕಿಗೆ ಎಚ್ಚರ ಆಗಿ ಎಷ್ಟವ್ವಾ ಅಂದ್ಲು, ಹೇಳಿದೆ, ಮಗ್ಗುಲಾಗಿ ಮಲಗಿದ್ಲು.